ಗೂಡಿಗೆ ಮನಸ್ಸು ಮಾಡಿದ ಗಿಳಿ

ಪೇಟೆಯ ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಬೇಕೆಂದು ಕೇಳಿದವರಿಗೆ ಹಳದಿ, ಹಸುರು, ನೀಲಿ ಬಣ್ಣಗಳ ಪುಟ್ಟ ಹಕ್ಕಿಗಳ ಜೋಡಿಯೊಂದನ್ನು ಹಿಡಿದು ಕೊಡುವುದು ರೂಢಿ. ಆದರೆ ಅದು ಲವ್ ಬರ್ಡ್ ಅಲ್ಲ, ಬಜರಿಗರ್. ಆಸ್ಟ್ರೇಲಿಯದ ಒಣ ಒಳನಾಡಿನಲ್ಲಿ ಮಳೆಯನ್ನೂ ಹುಲ್ಲಿನ ಬೀಜವನ್ನೂ ಅರಸಿಕೊಂಡು ಹಿಂಡುಹಿಂಡಾಗಿ ಅಲೆಯುವ ಗಿಳಿ ಅದು. ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡನು ೧೮೪೦ರಲ್ಲಿ ಜೀವಂತ ಬಜರಿಗರ್‌ಗಳನ್ನು ಇಂಗ್ಲೆಂಡಿಗೆ ತಂದ ಮೇಲೆ ಅದು ಕ್ರಮೇಣ ಲೋಕದ ನಾನಾ ದೇಶಗಳ ಪಂಜರಗಳನ್ನು ಸೇರಿತು. ನಿಜವಾದ ಲವ್ ಬರ್ಡ್‌ಗಳು ಆಫ್ರಿಕದವು. ಒಂಬತ್ತು ಜಾತಿಗಳಲ್ಲಿ ಎಂಟು ಆ ಖಂಡದಲ್ಲಿಯೂ ಒಂದು ಮಡಗಾಸ್ಕರ್ ದ್ವೀಪದಲ್ಲಿಯೂ ಉಂಟು. ಶಾಸ್ತ್ರದಲ್ಲಿ ಈ ಕುಲಕ್ಕೆ ಅಗಪೋರ್ನಿಸ್ ಎಂದು ಹೆಸರು. ಗ್ರೀಕ್ ಭಾಷೆಯ ‘ಪ್ರೀತಿ’, ‘ಹಕ್ಕಿ’ ಎಂಬ ಎರಡು ಮಾತುಗಳು ಕೂಡಿ ಆದದ್ದು. ಗೊಂದಲ ಬರಿಯ ಹೆಸರಿನದಾಗಿದ್ದರೆ ನಾವು ಲೇಖನಿ ಹಿಡಿಯಬೇಕಾಗಿರಲಿಲ್ಲ. ಇವೆರಡರ ಗೂಡಿನ ಕ್ರಮ ಬೇರೆ ಬೇರೆ. ಅದನ್ನು ತಿಳಿಯದೆ ಸಾಕುವ ಮನೆಗಳಲ್ಲಿ ಮೊಟ್ಟೆ ಕೆಡುತ್ತದೆ, ಮರಿ ಸಾಯುತ್ತದೆ, ಒಮ್ಮೊಮ್ಮೆ ತಾಯಿ ಹಕ್ಕಿಯೂ ಉಳಿಯುವುದಿಲ್ಲ. ಮಕ್ಕಳು ಮರುದಿನ ಬಂದು ಕಾರಣ ಕೇಳುವುದು ನಮ್ಮನ್ನೇ.

ಗಿಳಿಗಳಲ್ಲಿ ಬಹುಪಾಲು ಪೊಟರೆಯ ವಾಸಿಗಳು. ಕಾಸರಗೋಡಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆ ಹೋಗಿ ಕಂಬದಂತೆ ನಿಂತ ತೆಂಗಿನ ಮರದ ತೂತಿನಿಂದ ಹಸುರು ಗಿಳಿಯೊಂದು ಇಣುಕುವುದನ್ನು ನೋಡಿಯೇ ಬೆಳೆದವರು ನಾವು. ಮರಕುಟಿಗವೋ ಕುಟುರನ ಹಕ್ಕಿಯೋ ಕೊರೆದು ಬಿಟ್ಟುಹೋದ ತೂತನ್ನು ಗಿಳಿ ಕಚ್ಚಿ ಕಚ್ಚಿ ದೊಡ್ಡದು ಮಾಡಿಕೊಳ್ಳುತ್ತದೆ. ಒಳಗೆ ಉದುರಿದ ಮರದ ಹುಡಿಯ ಮೇಲೆಯೇ ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಕತ್ತಲ ಪೊಟರೆಯೊಳಗಿನ ಮೊಟ್ಟೆಗೆ ಮರೆಮಾಚುವ ಬಣ್ಣ ಯಾಕೆ? ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮ ನಾಡಿನ ಈ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅವನ್ನು ಮರದಲ್ಲಿಯೇ ನೋಡತಕ್ಕದ್ದು. ಪಂಜರದ ಮಾತೇನಿದ್ದರೂ ಪರದೇಶದಿಂದ ಬಂದು ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದ ಜಾತಿಗಳಿಗೆ ಸಂಬಂಧಿಸಿದ್ದು.

ಪೊಟರೆಯ ನಿಯಮಕ್ಕೆ ಅಪವಾದವಿಲ್ಲದಿಲ್ಲ. ದಕ್ಷಿಣ ಅಮೆರಿಕದ ಮಾಂಕ್ ಗಿಳಿ ಕಡ್ಡಿಗಳನ್ನು ಹೆಣೆದು, ಹಲವು ಜೋಡಿಗಳು ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಬಾಗಿಲಿಟ್ಟುಕೊಂಡು ವಾಸಿಸುವಂಥ ದೊಡ್ಡ ಗೂಡನ್ನು ಕಟ್ಟುತ್ತದೆ. ಒಟ್ಟು ಕುಟುಂಬದ ಹಳೆಯ ಮನೆಗಳಂತೆ ಎನ್ನೋಣ.

ಬಜರಿಗರ್ ಹೆಣ್ಣು ಗೂಡಿಗೆ ಸಿದ್ಧವಾದದ್ದನ್ನು ಅದರ ಮೂಗೇ ಹೇಳುತ್ತದೆ. ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆಗಳ ಸುತ್ತ ಇರುವ ಮೆದು ಚರ್ಮ ಬೆಳೆದ ಗಂಡಿನಲ್ಲಿ ನೀಲಿ. ಹೆಣ್ಣಿನಲ್ಲಿ ಮಾಮೂಲಾಗಿ ಬಿಳುಪು ಕಂದಿದ ಬಣ್ಣ, ಮೊಟ್ಟೆಯ ಕಾಲ ಬಂತೆಂದರೆ ಕಂದು ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಆಗ ಅದು ಸಿಕ್ಕಿದ ಮರವನ್ನೆಲ್ಲ ಕಡಿಯುತ್ತದೆ, ಕತ್ತಲ ಮೂಲೆಗಳಿಗೆ ನುಗ್ಗುತ್ತದೆ, ತೂತಿನೊಳಗೆ ತಲೆ ಹಾಕಿ ಹೊರಗೆ ತೆಗೆದು ಮತ್ತೆ ಹಾಕುತ್ತದೆ. ಕೈಯ ಮೇಲೆ ಕುಳಿತು ಆಡುತ್ತಿದ್ದ ಹಕ್ಕಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಅದನ್ನು ಹುಚ್ಚೆಂದೋ ಪೊಗರೆಂದೋ ತಿಳಿದು ಶಿಕ್ಷಿಸುವವರಿದ್ದಾರೆ. ಅದು ತನ್ನ ಜಾಗವನ್ನು ಕಾಯುತ್ತಿದೆ, ಅಷ್ಟೇ. ಗಂಡು ಹತ್ತಿರ ಕುಳಿತು ತಲೆ ಕುಣಿಸುತ್ತ ಬಿಡದೆ ಉಲಿಯುತ್ತದೆ, ತಿಂದದ್ದನ್ನು ಕಕ್ಕಿ ಹೆಣ್ಣಿಗೆ ಉಣಿಸುತ್ತದೆ. ಈ ಉಲಿ ಬರಿಯ ಸಲ್ಲಾಪವಲ್ಲ. ಗಂಡಿನ ದನಿ ಕಿವಿಗೆ ಬೀಳುತ್ತಿದ್ದರೆ ಹೆಣ್ಣಿನ ಅಂಡಾಶಯದ ಬೆಳವಣಿಗೆ ಚುರುಕಾಗುತ್ತದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಕಾಡಿನಲ್ಲಿ ಇದರೊಡನೆ ಮಳೆ, ಬೀಜದ ಸುಗ್ಗಿ, ಪೊಟರೆ ಎಲ್ಲವೂ ಕೂಡಿಬರಬೇಕು. ಪಂಜರದಲ್ಲಿ ಕಾಳು ನಿತ್ಯವೂ ಸುಗ್ಗಿ. ಹೀಗಾಗಿ ಗೂಡೊಂದನ್ನು ತೂಗಹಾಕಿದರೆ ಸಾಕು, ಉಳಿದದ್ದನ್ನು ಅದು ತಾನೇ ಮಾಡಿಕೊಳ್ಳುತ್ತದೆ.

ನಮ್ಮಲ್ಲಿ ಬದಿಯಲ್ಲಿ ತೂತಿರುವ ಮಣ್ಣಿನ ಮಡಕೆಯನ್ನು ತೂಗಹಾಕುವ ಪದ್ಧತಿಯುಂಟು. ಒಳ್ಳೆಯ ಪದ್ಧತಿಯೇ. ತಳ ಗುಂಡಗಿರುವುದರಿಂದ ಮೊಟ್ಟೆಗಳು ಚದರದೆ ಒಂದೆಡೆ ಕೂಡಿರುತ್ತವೆ. ಚಪ್ಪಟೆ ತಳದ ನುಣುಪು ಪೆಟ್ಟಿಗೆಯಲ್ಲಾದರೆ ಮೊಟ್ಟೆ ಉರುಳಿಹೋಗುವುದಲ್ಲದೆ ಮರಿಗಳ ಕಾಲು ಎರಡು ಕಡೆಗೆ ಸರಿದು ಸೊಟ್ಟಗಾಗುವ ಭಯವೂ ಇದೆ. ಹತ್ತಿ, ನಾರು, ಹುಲ್ಲುಗಳನ್ನು ಒಳಗೆ ತುರುಕಿ ಹಾಸಿಗೆ ಮಾಡಿಕೊಡುವ ಉತ್ಸಾಹ ಮಾತ್ರ ಬೇಡ. ಬಜರಿಗರ್‌ಗೆ ಹಾಸಿಗೆಯ ಅಭ್ಯಾಸವಿಲ್ಲ. ನಾವು ಇಟ್ಟದ್ದನ್ನು ಅದು ಎತ್ತಿ ಹೊರಗೆಸೆಯುತ್ತದೆ. ಒಂದು ಹಿಡಿ ಮರದ ಹುಡಿ ಸಾಕು. ಒಂದಕ್ಕಿಂತ ಹೆಚ್ಚು ಜೋಡಿಗಳಿದ್ದರೆ ಜೋಡಿಗೊಂದರಂತೆ ಅಲ್ಲದೆ ಇನ್ನೊಂದೆರಡು ಮಡಕೆ ಮೇಲಾಗಿಯೇ ಇರಲಿ, ಎಲ್ಲವೂ ಒಂದೇ ಎತ್ತರದಲ್ಲಿರಲಿ. ಗೂಡಿಗಾಗಿ ಜಗಳವಾಡುವುದು ಹೆಣ್ಣುಗಳೇ. ಜಗಳ ಪ್ರಾಣಾಂತಿಕವಾಗುವುದೂ ಉಂಟು.

ಈಗ ಲವ್ ಬರ್ಡ್‌ನ ಕಡೆಗೆ ಬರೋಣ. ಇದು ಗಿಳಿಯಾಗಿಯೂ ಹಾಸಿಗೆ ಬೇಕೆನ್ನುವ ಹಕ್ಕಿ. ನಮೀಬಿಯದ ಒಣ ನಾಡಿನ ಗುಲಾಬಿ ಮುಖದ ಜಾತಿ ಎಲೆಯನ್ನೋ ತೊಗಟೆಯನ್ನೋ ಪಂಜರದಲ್ಲಾದರೆ ಕಾಗದವನ್ನೋ ಹಿಡಿದು, ಅಂಚಿನಲ್ಲಿ ಸಾಲಾಗಿ ತೂತು ಕಚ್ಚುತ್ತ ಹೋಗಿ ಒಂದೇ ಅಗಲದ ಪಟ್ಟಿಗಳನ್ನು ಕತ್ತರಿಸುತ್ತದೆ. ಹಾಜರಿ ಪುಸ್ತಕವನ್ನು ಇದರ ಬಳಿ ಇಡತಕ್ಕದ್ದಲ್ಲ. ಹಾಗೆ ಕತ್ತರಿಸಿದ ಪಟ್ಟಿಯನ್ನು ಹೆಣ್ಣು ಕುತ್ತಿಗೆ ತಿರುಗಿಸಿ ಬೆನ್ನಿನ ಹಿಂಭಾಗದ ಗರಿಗಳಲ್ಲಿ ಸಿಕ್ಕಿಸಿಕೊಳ್ಳುತ್ತದೆ. ಹಲವು ಪಟ್ಟಿಗಳಾದ ಮೇಲೆ ಎಲ್ಲವನ್ನೂ ಹೊತ್ತು ಗೂಡಿಗೆ ಹಾರುತ್ತದೆ. ಟಾಂಜಾನಿಯದ ಫಿಷರ್ ಜಾತಿಯದು ಬೇರೆ ರೀತಿ: ಒಂದು ಸಲಕ್ಕೆ ಒಂದು ಪಟ್ಟಿ, ಅದೂ ಕೊಕ್ಕಿನಲ್ಲಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಈ ಎರಡು ಜಾತಿಗಳನ್ನು ಬೆರೆಸಿ ಸಂಕರ ಹಕ್ಕಿಗಳನ್ನು ಪಡೆದರು. ಅವುಗಳ ನಡವಳಿಕೆಯನ್ನು ೧೯೬೨ರಲ್ಲಿ ಪ್ರಕಟಿಸಿದರು. ಆ ಹಕ್ಕಿಗಳ ಪಾಡನ್ನು ಏನೆನ್ನೋಣ! ಪಟ್ಟಿ ಕತ್ತರಿಸಲು ಬರುತ್ತದೆ, ಗರಿಯಲ್ಲಿ ಸಿಕ್ಕಿಸಲೂ ಹೊರಡುತ್ತವೆ. ಆದರೆ ಸಿಕ್ಕಿಸಿ ಬಿಡುವುದನ್ನು ಮರೆತು ಮತ್ತೆ ಎಳೆದುಕೊಳ್ಳುತ್ತವೆ, ಇಲ್ಲವೆ ಸಿಕ್ಕಿಸಿದ್ದು ಉದುರುತ್ತದೆ. ಪಟ್ಟಿ ಗೂಡು ಮುಟ್ಟುತ್ತಿದ್ದುದು ಕೊಕ್ಕಿನಲ್ಲಿ ಒಯ್ದಾಗ ಮಾತ್ರ. ಅಭ್ಯಾಸವಾದಂತೆಲ್ಲ ಕೊಕ್ಕಿನಲ್ಲಿ ಒಯ್ಯುವುದು ಹೆಚ್ಚಿತು. ಅದು ಕೈಗೂಡಲು ಮೂರು ವರ್ಷ ಹಿಡಿಯಿತು. ಆ ಮೇಲೆಯೂ ಪಟ್ಟಿ ಹಿಡಿದು ಹೊರಡುವ ಮುನ್ನ ತಲೆಯನ್ನು ಒಮ್ಮೆ ಹಿಂದಕ್ಕೆ ತಿರುಗಿಸುವ ಚಾಳಿ ಉಳಿದೇ ಇತ್ತು. ಹುಟ್ಟುಗುಣ, ಕಲಿಕೆ ಎಂಬ ಎರಡು ಮಾತುಗಳನ್ನು ತರಬೇತಿ ಕಾಲೇಜಿನಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೆವು. ಇಷ್ಟು ಸ್ವಚ್ಛವಾದ ಉದಾಹರಣೆ ಮನೋವಿಜ್ಞಾನದ ಪಾಠಕ್ಕೆ ಬೇರೆ ಸಿಗಲಾರದು.

ಆದುದರಿಂದ ಲವ್ ಬರ್ಡ್‌ಗೆ ಪೆಟ್ಟಿಗೆಯ ಜೊತೆಗೆ ಹಸಿ ತೆಂಗಿನ ಗರಿಯನ್ನೋ ಬಣ್ಣವಿಲ್ಲದ ಕಾಗದವನ್ನೋ ಕೊಡಬೇಕು. ಗುಲಾಬಿ ಮುಖದ ಜಾತಿಯಲ್ಲಿ ಗಂಡು ಹೆಣ್ಣುಗಳನ್ನು ನೋಟದಿಂದ ಗುರುತಿಸಲಾಗದು. ಜೋಡಿಯೆಂದು ತಂದವೆರಡೂ ಹೆಣ್ಣಾಗಿರಬಹುದು. ಗೂಡಿನಲ್ಲಿ ಎಂಟು ಹತ್ತು ಮೊಟ್ಟೆ ಕಂಡು ಒಂದೂ ಒಡೆಯದಿದ್ದರೆ ಸಂಶಯ ಪಡತಕ್ಕದ್ದು.

ಹೆಣ್ಣು ಹಕ್ಕಿಯ ಪ್ರಾಣಕ್ಕೆ ಕುತ್ತು ಬರುವುದು ಮೊಟ್ಟೆ ಹೊರಬಾರದೆ ನಿಂತಾಗ. ಗರಿ ಕೆದರಿಕೊಂಡು ಪಂಜರದ ನೆಲಕ್ಕಿಳಿದು ಮುಕ್ಕುತ್ತ ಕುಳಿತಿದ್ದರೆ ಹೊಟ್ಟೆ ಒತ್ತುವುದು, ಎಣ್ಣೆ ಹಾಕುವುದು ಮೊದಲಾದ ಮನೆಮದ್ದು ಕೂಡದು. ಬೆಚ್ಚಗಿಟ್ಟು ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸುಣ್ಣದ ಅಂಶದ ಕೊರತೆ, ಎಳೆಯ ವಯಸ್ಸು, ಬೊಜ್ಜು, ಬಿಡುವಿಲ್ಲದ ಮೊಟ್ಟೆ ಇವು ಕಾರಣಗಳು. ವರ್ಷ ತುಂಬದ ಹೆಣ್ಣಿಗೆ ಮಡಕೆ ತೋರಿಸಬಾರದು; ಪಂಜರದಲ್ಲಿ ಸಮುದ್ರಫೇನದ ತುಂಡೊಂದು ಸದಾ ಇರಬೇಕು. ಒಂಟಿ ಹೆಣ್ಣೂ ಮೊಟ್ಟೆಯಿಡಬಲ್ಲುದು. ಕನ್ನಡಿಯನ್ನೋ ಸಾಕಿದವರನ್ನೋ ಅದು ಜೊತೆಗಾರನೆಂದು ಬಗೆಯುತ್ತದೆ. ಬೆನ್ನು ಸವರುವ ಮುದ್ದು ಆ ಭ್ರಮೆಯನ್ನು ಬಲಪಡಿಸುತ್ತದೆ. ಅಂಥ ಹಕ್ಕಿಯ ಪಂಜರದಿಂದ ಕನ್ನಡಿ ತೆಗೆದು, ಕತ್ತಲ ಮೂಲೆಗಳನ್ನು ಮುಚ್ಚಿ, ಸಂಜೆ ಬೇಗನೆ ದೀಪವಾರಿಸಿ ಹಗಲನ್ನು ಕಿರಿದು ಮಾಡಬೇಕು. ಇಟ್ಟ ಮೊಟ್ಟೆಯನ್ನು ಕೂಡಲೇ ತೆಗೆದರೆ ಅದು ಮತ್ತೊಂದನ್ನಿಡುತ್ತದೆ. ಬೇಸತ್ತು ತಾನೇ ಬಿಟ್ಟೇಳುವ ತನಕ ಅಲ್ಲಿಯೇ ಇರಗೊಡುವುದು ಲೇಸು.

ಎಲ್ಲವೂ ಸರಿಯಿದ್ದರೆ ಬಜರಿಗರ್ ದಿನ ಬಿಟ್ಟು ದಿನ ನಾಲ್ಕರಿಂದ ಆರು ಮೊಟ್ಟೆಗಳನ್ನಿಟ್ಟು ಹದಿನೆಂಟು ದಿನಗಳಷ್ಟು ಕಾವು ಕೊಡುತ್ತದೆ. ಕಾವು ಹೆಣ್ಣಿನದು, ಅದಕ್ಕೆ ಊಟ ತರುವುದು ಗಂಡಿನದು. ಕಾವು ಮೊದಲಿನಿಂದಲೇ ಹತ್ತುವುದರಿಂದ ಮರಿಗಳೂ ಬಿಟ್ಟುಬಿಟ್ಟು ಹೊರಡುತ್ತವೆ. ಕೊನೆಯದು ಕಣ್ಣು ತೆರೆಯುವ ಮೊದಲೇ ಮೊದಲಿನದಕ್ಕೆ ಗರಿಯ ಮೊಳಕೆ ಮೂಡಿರುತ್ತದೆ. ಐದು ವಾರಗಳ ಹೊತ್ತಿಗೆ ಮರಿಗಳು ಮಡಕೆಯಿಂದ ಹೊರಗೆ ಬಂದಾಗ ಹೆಣ್ಣು ಎರಡನೆಯ ಸಲ ಮೊಟ್ಟೆಗೆ ಕುಳಿತಿರುವುದುಂಟು. ಆಗ ಹೊರಗಿನ ಮರಿಗಳಿಗೆ ಉಣಿಸುವ ಕೆಲಸ ಗಂಡಿನದೇ. ಆ ಎರಡನೆಯ ಸಂಸಾರವೂ ಹೊರಬಿದ್ದ ದಿನ ಮಡಕೆಯನ್ನು ಇಳಿಸಿ ತೊಳೆದು ಬಿಸಿಲಿಗೆ ಒಣಗಿಸಿಟ್ಟು, ಆ ವರ್ಷಕ್ಕೆ ಮತ್ತೆ ಕಟ್ಟದಿರಬೇಕು.