ಹೃದಯದ ದಿನವಹಿ

ನಮ್ಮ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಇ.ಸಿ.ಜಿ. ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂಡುವುದು ಹತ್ತು ಸೆಕೆಂಡಿನ ಮಿಡಿತ ಮಾತ್ರ. ನಡುರಾತ್ರಿಯಲ್ಲಿ ಲಯ ತಪ್ಪಿ ಬೆಳಗಿನೊಳಗೆ ಸರಿಹೋದರೆ ಅದನ್ನು ಕಂಡವರಾರು?

ಪೇಸ್‌ಮೇಕರ್ ಕಾಣಬಲ್ಲದು. ಮಂದವಾದ ಹೃದಯವನ್ನು ಅಲ್ಪ ವಿದ್ಯುತ್ತಿನಿಂದ ಮಿಡಿಸುವ ಈ ಯಂತ್ರವನ್ನು ಮೊದಲು ದೇಹದೊಳಗಿರಿಸಿದುದು 1958ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ನರಿಗೆ. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತಾದರೂ, ಮುಂದೆ ಬಂದ ಯಂತ್ರಗಳ ಬಲದಿಂದ ಅವರು 2001ರವರೆಗೆ ಬಾಳಿದರು. ಇಂದಿನ ಯಂತ್ರವು ಮಿಡಿಸುವುದಲ್ಲದೆ ಬರೆದೂ ಇಡುತ್ತದೆ. ಹೃದಯದ ಮೇಲಣ ಕೋಣೆಗೆ ತಂತಿಯಿದ್ದರೆ, ಆ ಕೋಣೆಯು ಯಾವ ದಿನ ಎಷ್ಟು ಹೊತ್ತು ಅತಿವೇಗದಿಂದ ಅದುರಿತೆಂಬ ಲೆಕ್ಕವೂ ಅದರಲ್ಲಿರುತ್ತದೆ.

ಪುಣೆಯ ಶಿವಾಜಿನಗರದಲ್ಲಿ 1928ರಿಂದಿರುವ ಹವಾಮಾನ ಕಚೇರಿಯು ಒಂದು ದಿನದ ಮಳೆಯಿಂದ ಮಳೆಗಾಲವನ್ನು ಅಳೆಯುವುದಿಲ್ಲ. ಅಂತೆಯೇ ವೈದ್ಯರೂ ತಿಂಗಳುಗಟ್ಟಲೆಯ ಲೆಕ್ಕವನ್ನು ಹೋಲಿಸಿ, ದೋಷವು ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಎಂದರಿಯುತ್ತಾರೆ.

ಇದರಿಂದೇನು ಪ್ರಯೋಜನ? ಕೋಣೆಯು ಅದುರುತ್ತಲೇ ಇದ್ದರೆ ಅಲ್ಲಿ ರಕ್ತವು ಹೆಪ್ಪುಗಟ್ಟಿ, ಮಿದುಳಿಗೆ ಹರಿದು, ಪಾರ್ಶ್ವವಾಯುವನ್ನು ತರಬಹುದು. 2012ರಲ್ಲಿ ಪ್ರಕಟವಾದ ‘ಅಸರ್ಟ್’ ಅಧ್ಯಯನದಲ್ಲಿ, ರಕ್ತದೊತ್ತಡವಿದ್ದ 65 ವರ್ಷ ಹಾಗೂ ಮೇಲ್ಪಟ್ಟ 2580 ಜನರ ಯಂತ್ರಗಳನ್ನು ಓದಲಾಯಿತು. ಮೊದಲ ಮೂರು ತಿಂಗಳಲ್ಲೇ ಹತ್ತರಲ್ಲೊಬ್ಬರಿಗೆ ಇಂಥ ಗುಪ್ತ ಲಯದೋಷವಿದ್ದುದು ಕಂಡಿತು. ಅವರಿಗೆ ಪಾರ್ಶ್ವವಾಯುವಿನಂಥ ಅಪಾಯವು ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿದ್ದಿತು.

ಆದರೆ ಯಂತ್ರವೂ ಮೋಸಹೋಗುವುದುಂಟು. ಹೊರಗಿನ ವಿದ್ಯುತ್ ಕಂಪನವನ್ನೇ ಹೃದಯದ ಮಿಡಿತವೆಂದು ಎಣಿಸಬಹುದು. ಆದುದರಿಂದ ವೈದ್ಯರು ಅಂಕಿಯೊಂದನ್ನೇ ನಂಬದೆ, ಆ ಹೊತ್ತಿನಲ್ಲಿ ದಾಖಲಾದ ಅಲೆಗೆರೆಯನ್ನೂ ಪರೀಕ್ಷಿಸಿ ನಿರ್ಣಯಿಸುತ್ತಾರೆ.

ವಿದ್ಯಾರ್ಥಿಗಳೇ, ಹಡಪಸರದ ನಿಮ್ಮ ಮನೆಗಳಲ್ಲಿಯೂ, ಊರಿನಲ್ಲಿಯೂ ಪೇಸ್‌ಮೇಕರ್ ಉಳ್ಳ ಅಜ್ಜ ಅಜ್ಜಿಯರಿದ್ದಾರು. “ನನಗೇನೂ ಆಗಿಲ್ಲ” ಎಂದು ಅವರು ತಪಾಸಣೆಯ ದಿನವನ್ನು ತಪ್ಪಿಸಿದರೆ, ಈ ದಿನವಹಿಯ ಮಾತನ್ನು ಅವರಿಗೆ ತಿಳಿಯಹೇಳಿರಿ.