ಜಿಡ್ಡಿಗೆ ಒಗರೇ ಮದ್ದು

ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳಿಗೆ ರಜೆಯ ದಿನ ಹೊರಡುವ ಅರೆಕೆರೆಯವರು ಇಡೀ ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕು. ಬನ್ನೇರುಘಟ್ಟ ರಸ್ತೆಯ ದಟ್ಟಣೆ, ನಡುವೂರಿನ ಸಿಗ್ನಲ್‌ಗಳು, ಹೆಬ್ಬಾಳದ ಮೇಲ್ಸೇತುವೆ ಎಲ್ಲ ಮುಗಿದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಕೆಂಪು ಮಣ್ಣು ಕಾಣಿಸುತ್ತದೆ. ಗ್ರೋವರ್ ಕುಟುಂಬ 1988ರಲ್ಲಿ ಕಟ್ಟಿದ, ಈಗ ಗ್ರೋವರ್ ಜಂಪಾ ಎನ್ನಿಸಿಕೊಂಡಿರುವ ವೈನರಿ ಇರುವುದು ಇಲ್ಲೇ. ಇಂಥ ಕಡೆ ನಡೆಯುವ ರುಚಿ ನೋಡುವ ಗೋಷ್ಠಿಗಳಲ್ಲಿ ವೈನ್ ಲೋಟಗಳ ಸಾಲಿನ ಪಕ್ಕ ಒಂದು ಚೀಸ್ ತಟ್ಟೆಯೂ ಇರುವುದು ವಾಡಿಕೆ. ಬೆಂಗಳೂರಿನ ಕೆಲವು ಹೋಟೆಲ್, ಬ್ರೂವರಿಗಳಲ್ಲೂ ಈಚೆಗೆ ಈ ರೂಢಿ ಬಂದಿದೆ.

ಗೋಷ್ಠಿ ನಡೆಸುವವರು ಒಂದಿಷ್ಟು ಕಟ್ಟಳೆ ಹೇಳುತ್ತಾರೆ. ಚೀಸನ್ನು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆಯಾದರೂ ಹೊರಗಿಟ್ಟಿರಬೇಕು. ಸಪ್ಪೆಯದರಿಂದ ಶುರು ಮಾಡಿ ಖಾರವಾದದ್ದರಲ್ಲಿ ಮುಗಿಸಬೇಕು. ತಿನ್ನುವ ಮೊದಲು ಮೂಸಬೇಕು. ಒಂದು ಚೂರು, ಒಂದು ಗುಟುಕು, ಮತ್ತೆ ಒಂದು ಚೂರು. ಈ ಚೀಸಿಗೆ ಈ ವೈನೇ ಆಗಬೇಕು. ಮೊದಲ ಸಲ ಕೂತವರಿಗೆ ಇದೆಲ್ಲ ಮಡಿವಂತಿಕೆಯ ಹಾಗೆ ಕಾಣುವುದು ಸಹಜ. ಆದರೆ ಕೊನೆಯದೊಂದನ್ನು ಬಿಟ್ಟರೆ ಈ ಕಟ್ಟಳೆಗಳಿಗೆಲ್ಲ ಗಟ್ಟಿ ಕಾರಣವಿದೆ. ಆ ಕಾರಣ ಇರುವುದು ಹಾಲಿನಲ್ಲಿ ಮತ್ತು ನಮ್ಮ ಜೊಲ್ಲಿನಲ್ಲಿ.

ಹಾಲಿನ ಊರು

ಚೀಸ್ ಎಂದರೆ ಫ್ರಾನ್ಸ್, ಇಟಲಿ ನೆನಪಾಗುತ್ತದೆ; ಅರೆಕೆರೆಯ ಮುಂದೆ ಹಾದುಹೋಗುವ ಬನ್ನೇರುಘಟ್ಟ ರಸ್ತೆಯ ಆರಂಭ ಮಾತ್ರ ಡೇರಿ ಸರ್ಕಲ್. ಆ ವೃತ್ತಕ್ಕೆ ಹೆಸರು ಕೊಟ್ಟ ಬೆಂಗಳೂರು ಡೇರಿ ಇಂದಿಗೂ ಅಲ್ಲಿದೆ. 1974ರಲ್ಲಿ ನಿಗಮವಾಗಿ ಹುಟ್ಟಿ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾದ ಕೆಎಂಎಫ್‌ನ ಕೇಂದ್ರ ಕಚೇರಿಯೂ ಆಸುಪಾಸಿನಲ್ಲೇ. ಹತ್ತಿರದ ಆಡುಗೋಡಿಯಲ್ಲಿ 1923ರಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಶುರುವಾಯಿತು. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕಣೆಯ ಪಾಠ ಕೇಳಿದ್ದರು. ಸಂಸ್ಥೆಯ ಮುಖ್ಯ ಕೇಂದ್ರ 1955ರಲ್ಲಿ ಈಗಿನ ಹರಿಯಾಣದ ಕರ್ನಾಲ್‌ಗೆ ಹೋಯಿತು. ಈಗ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ ಎನ್ನಿಸಿಕೊಂಡಿರುವ ಅದರ ದಕ್ಷಿಣದ ಕೇಂದ್ರವಾಗಿ ಆಡುಗೋಡಿಯದು ಉಳಿಯಿತು.

ಯುರೋಪಿನ ಬಗೆಯ ಚೀಸ್ ಕೂಡ ಈಗ ಇಲ್ಲಿ ತಯಾರಾಗುತ್ತದೆ. ಹನ್ನೊಂದನೇ ಶತಮಾನದಲ್ಲಿ ಇಟಲಿಯ ಟಸ್ಕನಿಯಲ್ಲಿ ಹುಟ್ಟಿದ ವಲ್ಲೊಂಬ್ರೋಸಾ ಪಂಥದ ಸನ್ಯಾಸಿಗಳ ಮಠವೊಂದು ಬೆಂಗಳೂರಿನಲ್ಲಿದೆ. ಇಟಲಿಯಲ್ಲಿ ಕಲಿತು ಬಂದ ಪಾದ್ರಿಯೊಬ್ಬರಿಂದ ಅಲ್ಲಿ ಮೊಝರೆಲ್ಲಾ, ಬುರಾಟಾ, ರಿಕೋಟಾ ತಯಾರಿಕೆ ನೆಲೆಯೂರಿತು. ಊರಿನದೇ ಆದ ಬೇಗಂ ವಿಕ್ಟೋರಿಯಾ ಎಂಬ ಕಂಪನಿ ಬಿಳಿ ಬೂಸ್ಟಿನ ಬ್ರೀ ಮಾಡುತ್ತದೆ. ನಂದಿನಿ ಚೀಸಂತೂ ಬೀದಿ ಬೀದಿಯ ಮಳಿಗೆಯಲ್ಲಿದೆ.

ಹಾಲು ಗಟ್ಟಿಯಾಗುವ ಬಗೆ

ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸೀನ್. ಅದು ಕಣ್ಣಿಗೆ ಕಾಣದ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಮೈಮೇಲೆ ಕಪ್ಪಾ-ಕೇಸೀನ್ ಎಂಬ ಪ್ರೋಟೀನಿನ ಕುಚ್ಚು. ಈ ಕುಚ್ಚಿಗೆ ಋಣ ವಿದ್ಯುದಂಶ ಇರುವುದರಿಂದ ಉಂಡೆಗಳು ಒಂದನ್ನೊಂದು ದೂಡುತ್ತವೆ. ಹಾಲು ಹಾಲಾಗಿಯೇ ಉಳಿಯುವುದು ಈ ದೂಡಾಟದಿಂದ.

ಗಟ್ಟಿ ಮಾಡಲು ಎರಡು ದಾರಿ. ಕುದಿವ ಹಾಲಿಗೆ ನಿಂಬೆರಸ ಹಿಂಡಿದರೆ ಹುಳಿ ಆ ವಿದ್ಯುದಂಶವನ್ನು ಅಳಿಸುತ್ತದೆ, ಕೇಸೀನ್ ಮುದ್ದೆಗಟ್ಟುತ್ತದೆ. ಕಾವಿಗೆ ಕೆಟ್ಟ ಹಾಲೊಡಕಿನ ಪ್ರೋಟೀನುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಇದು ಪನೀರ್. ಈ ಕಟ್ಟು ಬಿಗಿಯಾದ್ದರಿಂದ ಕಾವಲಿಯ ಮೇಲಿಟ್ಟರೆ ಪನೀರ್ ಕೆಂಪಾಗುತ್ತದೆ, ಕರಗುವುದಿಲ್ಲ. ಎರಡನೆಯ ದಾರಿ ರೆನೆಟ್. ಅದರಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಕುಚ್ಚಿನ ಬುಡವನ್ನೇ ಕತ್ತರಿಸುತ್ತದೆ. ಬೋಳಾದ ಉಂಡೆಗಳು ಹಾಲಿನ ಕ್ಯಾಲ್ಸಿಯಂ ನೆರವಿನಿಂದ ಒಂದಕ್ಕೊಂದು ಅಂಟಿ ಬಲೆ ಹೆಣೆಯುತ್ತವೆ. ಕೊಬ್ಬು ಆ ಬಲೆಯೊಳಗೆ ಸೆರೆಯಾಗುತ್ತದೆ. ಕಾವು ತಗುಲಿದರೆ ಬಲೆ ಸಡಿಲವಾಗಿ ಹರಿಯಬಲ್ಲದು. ಪಿಜ್ಜಾದ ಎಳೆ ಇದರ ಫಲ.

ಕೈಮೋಸಿನ್ ಮೊದಲು ಸಿಗುತ್ತಿದ್ದುದು ಹಾಲು ಕುಡಿವ ಎಳೆಗರುವಿನ ಜಠರದಿಂದ. ಚೀಸಿನ ಬಗ್ಗೆ ಸಸ್ಯಾಹಾರಿಗಳಿಗಿದ್ದ ಅನುಮಾನ ಸರಿಯಾದದ್ದೇ. ಈಗ ಬೂಸ್ಟಿನಿಂದ ಪಡೆದ ಕಿಣ್ವಗಳಿವೆ. ಕರುವಿನ ಜೀನನ್ನು ಸೂಕ್ಷ್ಮಜೀವಿಗೆ ಸೇರಿಸಿ ಹುದುಗಿನಲ್ಲಿ ತೆಗೆದ ಕೈಮೋಸಿನ್ ಕೂಡ ಇದೆ. ಇದಕ್ಕೆ ಅಮೆರಿಕ 1990ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಪ್ರಾಣಿಯ ರೆನೆಟ್ ಬಳಸಿಲ್ಲ ಎಂದರ್ಥ.

ತಟ್ಟೆಯ ಸುತ್ತ ಒಂದು ಸುತ್ತು

ತಟ್ಟೆಯಲ್ಲಿ ಮೊದಲು ಬರುವುದು ಎಳೆಯ ಚೀಸ್, ಹೆಚ್ಚಾಗಿ ಮೊಝರೆಲ್ಲಾ. ಹುಳಿ ಒಂದು ಹದಕ್ಕೆ, ಪಿಎಚ್ ಸುಮಾರು 5.2ಕ್ಕೆ, ಬಂದಾಗ ಬಿಸಿನೀರಿನಲ್ಲಿ ಹಾಕಿ ಎಳೆದರೆ ಕೇಸೀನ್ ನಾರುನಾರಾಗಿ ಸಾಲುಗೂಡುತ್ತದೆ. ಎಮ್ಮೆ ಹಾಲಿನದಾದರೆ ಅಚ್ಚ ಬಿಳುಪು. ಹಸು ತಾನು ತಿಂದ ಹುಲ್ಲಿನ ಬೀಟಾ ಕೆರೋಟಿನನ್ನು ಹಾಲಿನ ಕೊಬ್ಬಿಗೆ ಹಾಯಿಸುತ್ತದೆ. ಎಮ್ಮೆ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಬಿಡುತ್ತದೆ.

ಮುಂದಿನದು ಬ್ರೀ. ಅದರ ಬಿಳಿ ಹೊದಿಕೆ ಪೆನಿಸಿಲಿಯಂ ಕ್ಯಾಮೆಂಬರ್ಟಿ ಎಂಬ ಬೂಸ್ಟು. ಅದು ಮೇಲ್ಮೈಯ ಲ್ಯಾಕ್ಟಿಕ್ ಆಮ್ಲವನ್ನು ತಿಂದು, ಪ್ರೋಟೀನನ್ನು ಒಡೆದು ಅಮೋನಿಯ ಬಿಡುತ್ತದೆ. ಹುಳಿ ತಗ್ಗಿದಂತೆ ಗಟ್ಟಿ ಮುದ್ದೆ ಹೊರಗಿನಿಂದ ಒಳಗೆ ಮೆತ್ತಗಾಗುತ್ತ ಬರುತ್ತದೆ. ಆದ್ದರಿಂದ ಬ್ರೀಯನ್ನು ಕೇಕಿನಂತೆ ತ್ರಿಕೋನವಾಗಿ ಕತ್ತರಿಸುತ್ತಾರೆ: ಅಂಚಿನ ಪಕ್ವತೆ, ನಡುವಿನ ಎಳೆತನ ಎರಡೂ ಎಲ್ಲರ ಪಾಲಿಗೂ ಬರಲಿ ಎಂದು.

ಮೂರನೆಯದು ಮಾಗಿದ ಚೆಡ್ಡರ್ ಅಥವಾ ಗೌಡಾ. ಒಂದು ಕಿಲೋ ಚೆಡ್ಡರಿಗೆ ಹತ್ತು ಲೀಟರಿನಷ್ಟು ಹಾಲು ಬೇಕು. ತಿಂಗಳುಗಟ್ಟಲೆ ಮಾಗುವಾಗ ಪ್ರೋಟೀನು ಮುರಿದು ಅಮಿನೋ ಆಮ್ಲಗಳಾಗುತ್ತದೆ. ಅವುಗಳಲ್ಲೊಂದು ಗ್ಲುಟಮೇಟ್, 1908ರಲ್ಲಿ ಟೋಕಿಯೊದ ಕಿಕುನಾಯೆ ಇಕೆಡಾ ಕಡಲಪಾಚಿಯಿಂದ ಬೇರ್ಪಡಿಸಿ ಉಮಾಮಿ ಎಂದು ಕರೆದ ರುಚಿಯ ಮೂಲ. ಇನ್ನೊಂದು ಟೈರೊಸಿನ್, ಹಳೆಯ ಗೌಡಾವನ್ನು ಕಚ್ಚಿದಾಗ ಹಲ್ಲಿಗೆ ಸಿಗುವ ಬಿಳಿ ಹರಳು ಉಪ್ಪಲ್ಲ, ಬಹುಪಾಲು ಇದೇ.

ಕೊನೆಯದು ನೀಲಿ ಗೆರೆಗಳ ಚೀಸ್. ಪೆನಿಸಿಲಿಯಂ ರಾಕ್ಫೋರ್ಟಿ ಬೂಸ್ಟಿಗೆ ಉಸಿರಾಡಲು ಗಾಳಿ ಬೇಕೆಂದು ಮುದ್ದೆಗೆ ಉದ್ದನೆಯ ಸೂಜಿ ಚುಚ್ಚುತ್ತಾರೆ. ಬೂಸ್ಟು ಆ ತೂತಿನ ಗುಂಟ ಬೆಳೆಯುತ್ತದೆ. ಕೊಬ್ಬನ್ನು ಒಡೆದು ಅದು ಹೊರಬಿಡುವ ಮೀಥೈಲ್ ಕೀಟೋನುಗಳು ಮೂಗಿಗೆ ನೇರ ಹೊಡೆಯುತ್ತವೆ. ಇದನ್ನು ಮೊದಲೇ ತಿಂದರೆ ಮೂಗೂ ನಾಲಿಗೆಯೂ ಅದಕ್ಕೇ ಒಗ್ಗಿ, ಮೊಝರೆಲ್ಲಾ ಬರೀ ಸಪ್ಪೆ ಎನಿಸುತ್ತದೆ. ಸಪ್ಪೆಯಿಂದ ಖಾರಕ್ಕೆ ಎಂಬ ಕಟ್ಟಳೆಯ ಹಿಂದಿರುವುದು ಇದು.

ಫ್ರಿಜ್‌ನಿಂದ ಹೊರಗಿಡುವ ಕಟ್ಟಳೆಗೂ ಕೊಬ್ಬೇ ಕಾರಣ. ಪರಿಮಳದ ಅಣುಗಳಲ್ಲಿ ಹೆಚ್ಚಿನವು ಕೊಬ್ಬಿನಲ್ಲಿ ಕರಗಿರುತ್ತವೆ. ತಣ್ಣನೆಯ ಗಟ್ಟಿ ಕೊಬ್ಬು ಅವನ್ನು ಬಿಟ್ಟುಕೊಡುವುದಿಲ್ಲ. ಮೂಸುವ ಕಟ್ಟಳೆಯೂ ಪರಿಮಳಕ್ಕಾಗಿಯೇ: ರುಚಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆ. ಅದು ಅಗಿಯುವಾಗ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ.

ಗುಟುಕಿನ ಕೆಲಸ

ಈಗ ಲೋಟದ ಸರದಿ. ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್ ಇರುತ್ತದೆ. ಎಳೆ ಅಡಿಕೆಯಲ್ಲಿ, ಬಾಳೆಕಾಯಿಯಲ್ಲಿ ನಾಲಿಗೆ ಹಿಡಿದುಕೊಳ್ಳುವ ಒಗರು ಇದರದೇ. ನಮ್ಮ ಜೊಲ್ಲಿನಲ್ಲಿ ಪ್ರೋಲಿನ್ ಹೆಚ್ಚಾಗಿರುವ ಪ್ರೋಟೀನುಗಳಿವೆ. ಬಾಯಿಯ ನುಣುಪಿಗೆ ಅವು ಬೇಕು. ಟ್ಯಾನಿನ್ ಅವನ್ನು ಹಿಡಿದು ಗಂಟು ಕಟ್ಟುತ್ತದೆ, ಬಾಯಿ ತರಕಲಾಗುತ್ತದೆ. ಒಗರು ಗುಟುಕಿನಿಂದ ಗುಟುಕಿಗೆ ಏರುತ್ತಲೂ ಹೋಗುತ್ತದೆ. ಕೊಬ್ಬು ಇದಕ್ಕೆ ಉಲ್ಟಾ. ತಿಂದಷ್ಟೂ ಬಾಯಿಗೆ ಜಿಡ್ಡು ಮೆತ್ತಿಕೊಳ್ಳುತ್ತದೆ.

ಇವೆರಡೂ ಎದುರಾದರೆ? ಅಮೆರಿಕದ ಪಾಲ್ ಬ್ರೆಸ್ಲಿನ್ ಮತ್ತು ಸಂಗಡಿಗರು 2012ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಅವರು ಬಳಸಿದ್ದು ಕೊಬ್ಬಿನ ಮಾಂಸ ಮತ್ತು ಚಹಾದಂಥ ತೆಳು ಒಗರಿನ ಪಾನೀಯ. ಒಂದು ಚೂರು, ಒಂದು ಗುಟುಕು ಎಂದು ಸರದಿಯಲ್ಲಿ ತೆಗೆದುಕೊಂಡಾಗ ಒಗರು ಜಿಡ್ಡನ್ನು, ಜಿಡ್ಡು ಒಗರನ್ನು ತಗ್ಗಿಸಿತು. ಬರೀ ನೀರು ಕುಡಿದವರಲ್ಲಿ ಜಿಡ್ಡು ಅಷ್ಟು ಇಳಿಯಲಿಲ್ಲ. ಒಗರಿಗೂ ಜಿಡ್ಡಿಗೂ ಬಾಯಲ್ಲಿ ತಕ್ಕಡಿಯ ಎರಡು ತಟ್ಟೆಗಳ ಸಂಬಂಧ. ಚೀಸಿನ ವಿಷಯದಲ್ಲಿ ಇನ್ನೊಂದು ಲಾಭವಿದೆ: ಜೊಲ್ಲಿನ ಪ್ರೋಟೀನಿನ ಬದಲು ಕೇಸೀನ್ ತಾನೇ ಟ್ಯಾನಿನ್‌ಗೆ ಸಿಕ್ಕಿಬೀಳುತ್ತದೆ. ಕಡುಚಹಾಕ್ಕೆ ಹಾಲು ಬೆರೆಸಿದೊಡನೆ ಒಗರು ತಣಿಯುವುದೂ ಇದೇ ಕಾರಣಕ್ಕೆ.

ಬ್ರೀಯಂಥ ಮೆತ್ತನೆಯ ಚೀಸಿಗೆ ನೊರೆಯುಕ್ಕುವ ವೈನ್ ಅಥವಾ ಬಿಯರ್ ಕೊಡುತ್ತಾರೆ. ಅದರ ಇಂಗಾಲದ ಡೈಆಕ್ಸೈಡ್ ನಾಲಿಗೆಯ ಹುಳಿ ಗುರುತಿಸುವ ಕೋಶಗಳನ್ನು ಎಬ್ಬಿಸುತ್ತದೆ ಎಂದು 2009ರಲ್ಲಿ ತಿಳಿದುಬಂತು. ಹುಳಿ ಜೊಲ್ಲು ತರಿಸುತ್ತದೆ, ಜೊಲ್ಲು ಬಾಯಿ ತೊಳೆಯುತ್ತದೆ. ನೀಲಿ ಚೀಸಿಗೆ ಸಿಹಿ ಪೋರ್ಟ್ ವೈನ್ ಕೊಡುವುದಕ್ಕೆ ಉಪ್ಪು ಕಾರಣ. ಬ್ರೆಸ್ಲಿನ್ ಮತ್ತು ಗ್ಯಾರಿ ಬೋಷಾಂ 1997ರಲ್ಲೇ ನೇಚರ್ ಪತ್ರಿಕೆಯಲ್ಲಿ ತೋರಿಸಿದಂತೆ ಉಪ್ಪು ಕಹಿಯನ್ನು ಅದುಮುತ್ತದೆ. ಕಹಿ ಅಡಗಿದಾಗ ಸಿಹಿ ಮೇಲೆದ್ದು ಬರುತ್ತದೆ. ಈ ಜೋಡಿಗೆ ನಮ್ಮ ನೆಲದ್ದೇ ಹಣ್ಣಿದೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಅಗ್ಗದ ಸಿಹಿ ವೈನ್ ಮಾಡುವ ರೂಢಿ ಹಳೆಯದು. ಅದರ ಗಡುಸು ಪರಿಮಳವನ್ನು ವೈನ್ ಪಂಡಿತರು ಹಳಿಯುತ್ತಾರೆ. ನೀಲಿ ಚೀಸಿನ ಎದುರು ನಿಲ್ಲಲು ಅಂಥದೇ ಬೇಕು.

ಜೋಡಿಯ ಪಟ್ಟಿ ಎಷ್ಟು ನಿಜ?

ಇನ್ನು ಆ ಕೊನೆಯ ಕಟ್ಟಳೆ, ಈ ಚೀಸಿಗೆ ಈ ವೈನೇ ಎಂಬುದು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಹಿಲ್ಡೆಗಾರ್ಡ್ ಹೈಮನ್ ಮತ್ತು ಬೆರೆನೀಸ್ ಮಡ್ರಿಗಲ್-ಗಲಾನ್ 2006ರಲ್ಲಿ ಎಂಟು ಕೆಂಪು ವೈನುಗಳನ್ನು ಎಂಟು ಚೀಸುಗಳ ಜೊತೆ ಪರೀಕ್ಷಿಸಿದರು. ಯಾವ ಚೀಸಾದರೂ ವೈನಿನ ಹೆಚ್ಚಿನ ಗುಣಗಳನ್ನು ಮಂಕಾಗಿಸಿತು. ಒಗರಿನ ಜೊತೆಗೆ ಹಣ್ಣಿನ ಪರಿಮಳವೂ ತಗ್ಗಿತು. ಫ್ರಾನ್ಸಿನಲ್ಲಿ ಮಾರಾ ಗಲ್ಮರೀನಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಾಲ್ಕು ಚೀಸು, ನಾಲ್ಕು ವೈನು. ಅಲ್ಲಿ ಚೀಸಿನಿಂದ ವೈನ್ ಕೆಟ್ಟಿತು ಎನ್ನುವ ಜೋಡಿಯೇ ಸಿಗಲಿಲ್ಲ. ಹಾಗೆಂದರೆ ಜಿಡ್ಡು-ಒಗರಿನ ನಂಟು ನಿಜ. ಇಂಥ ಊರಿನ ಇಂಥ ಚೀಸಿಗೆ ಇಂಥ ಬಾಟಲಿಯೇ ಎಂಬ ಪಟ್ಟಿ ಬಹುಮಟ್ಟಿಗೆ ಅಭಿರುಚಿ, ಇಲ್ಲವೇ ವ್ಯಾಪಾರ.

ಒಂದೇ ಪರಿಮಳದ ಅಣುಗಳಿರುವ ಪದಾರ್ಥಗಳು ಒಂದಕ್ಕೊಂದು ಹೊಂದುತ್ತವೆ ಎಂಬ ವಾದವೂ ಗೋಷ್ಠಿಗಳಲ್ಲಿ ಕೇಳಿಬರುತ್ತದೆ. ಜೋಧಪುರದ ಐಐಟಿಯ ಗಣೇಶ್ ಬಾಗ್ಲರ್ ಮತ್ತು ಸಂಗಡಿಗರು 2015ರಲ್ಲಿ ಭಾರತದ ಎಂಟು ಪ್ರಾದೇಶಿಕ ಪಾಕಪದ್ಧತಿಗಳ 2,543 ಅಡುಗೆಗಳನ್ನು ಜಾಲಾಡಿದಾಗ ಕಂಡದ್ದು ಇದಕ್ಕೆ ವಿರುದ್ಧ. ನಮ್ಮ ಅಡುಗೆಗಳಲ್ಲಿ ಒಟ್ಟಿಗೆ ಬರುವ ಪದಾರ್ಥಗಳು ಪರಿಮಳದ ಅಣುಗಳನ್ನು ಹಂಚಿಕೊಳ್ಳುವುದು ಕಡಿಮೆ. ಇದಕ್ಕೆ ಮುಖ್ಯ ಕಾರಣ ಮಸಾಲೆಗಳು. ಹೋಲಿಕೆಗಿಂತ ವ್ಯತ್ಯಾಸವನ್ನು ಮೆಚ್ಚುವ ನಾಲಿಗೆಗೆ ಚೀಸ್ ತಟ್ಟೆ ಅಷ್ಟೇನೂ ಪರಕೀಯವಲ್ಲ.

ಎರಡು ಎಚ್ಚರಿಕೆ. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವವರಿಗೆ ಮಾಗಿದ ಚೀಸ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಲ್ಯಾಕ್ಟೋಸಿನ ಬಹುಪಾಲು ಹಾಲೊಡಕಿನೊಡನೆ ಹೋಗಿರುತ್ತದೆ, ಮಿಕ್ಕದ್ದನ್ನು ಬ್ಯಾಕ್ಟೀರಿಯಾ ತಿಂದಿರುತ್ತವೆ. ಎಳೆಯ ಚೀಸಿಗೆ ಈ ಮಾತು ಸಲ್ಲದು. ಖಿನ್ನತೆಗೆ ಎಂಎಒ ಎಂಬ ಕಿಣ್ವವನ್ನು ತಡೆಯುವ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಾಗಿದ ಚೀಸಿನಿಂದ ದೂರವಿರಬೇಕು. ಅದರಲ್ಲಿರುವ ಟೈರಮೀನ್ ರಕ್ತದೊತ್ತಡವನ್ನು ಥಟ್ಟನೆ ಏರಿಸಬಲ್ಲದು.

ಮದ್ಯ ಮುಟ್ಟದವರು ಗೋಷ್ಠಿಯಿಂದ ಹೊರಗುಳಿಯಬೇಕಿಲ್ಲ. ಮೇಲಿನ ಯಾವ ವಿವರಣೆಗೂ ಆಲ್ಕೋಹಾಲ್ ಬೇಕಾಗಲಿಲ್ಲ. ಬ್ರೆಸ್ಲಿನ್ ತಂಡವೇ ಚಹಾ ಬಳಸಿತ್ತು. ಅರೆಕೆರೆಯ ಅಂಗಡಿಯಿಂದ ತಂದ ಒಂದು ಪೊಟ್ಟಣ ಚೀಸನ್ನು ಹೊರಗಿಟ್ಟು, ಹಾಲಿಲ್ಲದ, ಸಕ್ಕರೆಯಿಲ್ಲದ ಕಡುಚಹಾ ಕಾಸಿ. ಮೊದಲು ಬರೀ ಚಹಾವನ್ನೇ ನಾಲ್ಕಾರು ಗುಟುಕು ಕುಡಿದು ಒಗರು ಏರುವುದನ್ನು ಗಮನಿಸಿ. ಆಮೇಲೆ ಒಂದು ಚೂರು ಚೀಸ್ ಅಗಿದು ಅದೇ ಚಹಾವನ್ನು ಮತ್ತೆ ಕುಡಿಯಿರಿ. ಮಾರನೆಯ ದಿನ ಚಹಾದ ಜಾಗದಲ್ಲಿ ನೀರಿಟ್ಟು ನೋಡಿ. ಎರಡರ ನಡುವೆ ಕಂಡ ವ್ಯತ್ಯಾಸ ಗೊತ್ತಿದ್ದವರು ಮುಂದೆ ಯಾವ ಗೋಷ್ಠಿಗೆ ಹೋದರೂ ಬಾಟಲಿಯ ಹೆಸರು, ಬೆಲೆ ಕೇಳುವ ಮುಂಚೆ ಅದು ಒಗರೋ ಹುಳಿಯೋ ಸಿಹಿಯೋ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೂ ಅದೇ.