ಪಾನಾ ಮುಟ್ಟದೆ ಪವರ್: ಪಿಕಪ್ ಮಾಲೀಕರೇ, ಜೋಕೆ!

ಬಾನೆಟ್ ಎತ್ತುವುದಿಲ್ಲ, ನಟ್ಟು ಬಿಚ್ಚುವುದಿಲ್ಲ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಮುಗೀತು, ಅನೇಕ ಡೀಸೆಲ್ ಪಿಕಪ್ಪುಗಳಿಗೆ ಹೊಸ ಹುರುಪು! ಇದಕ್ಕೆ 'ರೀಮ್ಯಾಪಿಂಗ್' ಅಂತಾರೆ.

ಎಂಜಿನ್ನಿಗೆ ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ, ಟರ್ಬೋ ಎಷ್ಟು ಗಾಳಿ ತಳ್ಳಬೇಕು ಎಂದು ಅಪ್ಪಣೆ ಕೊಡುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದರ ಲೆಕ್ಕ ತಿದ್ದಿದರೆ ಎಳೆತ ಹೆಚ್ಚುವುದು ನಿಜ. ಏರಿನಲ್ಲಿ ಗೇರ್ ಇಳಿಸುವುದು ತಪ್ಪಿ, ಹದವಾಗಿ ಓಡಿಸುವ ಡ್ರೈವರಿಗೆ ನಾಲ್ಕು ಕಾಸು ಉಳಿದೀತು. ಪವರಿನ ರುಚಿ ಹತ್ತಿ ಆಕ್ಸಿಲೇಟರ್ ತುಳಿದರೆ? ಎಣ್ಣೆ ಸುರಿಯದೆ ದೀಪ ದೊಡ್ಡದಾದೀತೇ?

ಗಾಳಿ ಸಾಲದಷ್ಟು ಡೀಸೆಲ್ ಬಿಟ್ಟರೆ ಕಪ್ಪು ಹೊಗೆ. ಕ್ಲಚ್ಚು, ಟರ್ಬೋಗಳಿಗೆ ಹೊರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರೂ ಕಟ್ಟಿಕೊಳ್ಳಬಹುದು. ವಾರಂಟಿ ಹೋದೀತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಇಲ್ಲವೆ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಪವರ್ ಬಂತೆಂದು ಅಂಗಡಿ ಮಾಲು ಎರಡು ಮೂಟೆ ಜಾಸ್ತಿ ಹೇರುವಂತಿಲ್ಲ. ಬ್ರೇಕು, ಟೈರು ಹಳೆಯವೇ ತಾನೆ? ಮೊದಲು ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ. ಮೈಲೇಜಿಗೆ ಅದೇ ಅಗ್ಗದ ಮದ್ದು.